ಪಂಚಾಂಗದಲ್ಲಿ ಇಲ್ಲದ ಗ್ರಹಣ

ಭಾಗ 1/8
📷 ತಟ್ಟೆ ತುಂಬಾ ಮಾವಿನ ಹೋಳು, ಹಿಂದೆ ಹುಣ್ಣಿಮೆ ಚಂದ್ರ. ಫೋಕಸ್ ಮಾವಿನಹಣ್ಣಿನ ಮೇಲಿದೆ, ಬೈಬೇಡಿ.

ಇದು 2023ರ ಮೇ 5ರ ರಾತ್ರಿ ತೆಗೆದ ಫೋಟೋ. ಬುದ್ಧ ಪೂರ್ಣಿಮೆ. ನಮ್ಮ ಸೆಕೆಂಡ್ ಪಿಯುಸಿ ರಿಸಲ್ಟ್ ಬಂದು ಸರಿಯಾಗಿ ಎರಡು ವಾರ ಆಗಿತ್ತು. ನಾನು ಮತ್ತೆ ಮೂವರು ಫ್ರೆಂಡ್ಸ್ ಅರಸೀಕೆರೆ ಹತ್ರ ಇರೋ ನಮ್ಮ ಅಜ್ಜಿ ಊರಿಗೆ ಹೋಗಿದ್ವಿ. ಪ್ಲಾನ್ ಒಂದೇ: ತಾರಸಿ ಮೇಲೆ ಚಾಪೆ ಹಾಕ್ಕೊಂಡು ಚಂದ್ರಗ್ರಹಣ ನೋಡೋದು.

ಆಗ ಅಕ್ಕ ಏಳು ತಿಂಗಳ ಗರ್ಭಿಣಿ, ಅಜ್ಜಿ ಮನೆಯಲ್ಲೇ ಇದ್ಲು. ಸಂಜೆಯಿಂದ ಟಿವಿಯಲ್ಲಿ ಒಂದೇ ಗಲಾಟೆ. ಯಾವ ರಾಶಿಗೆ ಕಂಟಕ, ಯಾರಿಗೆ ದೋಷ, ಗರ್ಭಿಣಿಯರು ಏನೇನು ಮಾಡಬಾರದು. ಪಕ್ಕದ ಮನೆ ಅತ್ತೆ ಬಂದು, "ಚಾಕು ಮುಟ್ಟಬೇಡ ಕಣೇ, ಎಂಟೂವರೆ ಆದ್ಮೇಲೆ ಬಾಯಿಗೆ ಏನೂ ಹಾಕ್ಕೋಬೇಡ, ಮಗುಗೆ ತೊಂದ್ರೆ" ಅಂತ ಹೇಳಿ ಹೋದ್ರು. ಮಧ್ಯಾಹ್ನದಿಂದ ಮಾವಿನಹಣ್ಣು ಬೇಕು ಅಂತಿದ್ದ ಅಕ್ಕ ಚಾಕುನ ಮೆಲ್ಲಗೆ ಮಂಚದ ಕೆಳಗೆ ತಳ್ಳಿದ್ಲು. ಹೆದರಿದ್ದು ಮುಖದಲ್ಲೇ ಕಾಣ್ತಿತ್ತು. "ಅದೆಲ್ಲ ಮೂಢನಂಬಿಕೆ" ಅಂತ ನಾವು ನಾಲ್ಕು ಜನ ಭಾಷಣ ಮಾಡಿದ್ವಿ. ಒಂದು ಚೂರೂ ಉಪಯೋಗ ಆಗಲಿಲ್ಲ.

ಅಜ್ಜಿ ಏನೂ ಮಾತಾಡಲಿಲ್ಲ. ಮೊಳೆಗೆ ನೇತು ಹಾಕಿದ್ದ ಪಂಚಾಂಗ ತೆಗೆದ್ರು, ಕನ್ನಡಕ ಹಾಕ್ಕೊಂಡ್ರು, ವೈಶಾಖದ ಪುಟದ ಮೇಲೆ ಬೆರಳು ಓಡಿಸಿದ್ರು.

"ಇಲ್ಲ."

"ಏನಿಲ್ಲ ಅಜ್ಜಿ?"

"ಗ್ರಹಣ ಇಲ್ಲ. ಪಂಚಾಂಗದಲ್ಲಿ ಹಾಕಿಲ್ಲ. ಆ ಟಿವಿ ಆರ್ಸು. ನೀನು ಹಣ್ಣು ಹೆಚ್ಚು."

ಅಕ್ಕ ಹೆಚ್ಚಿದ್ಲು. ಉಪ್ಪು ಖಾರ ಹಾಕ್ಕೊಂಡು ಐದೂ ಜನ ತಾರಸಿ ಹತ್ತಿದ್ವಿ. ಆದ್ರೆ ಫೋನಿನಲ್ಲಿ ಗ್ರಹಣ ಇತ್ತು, ಪಂಚಾಂಗದಲ್ಲಿ ಇರಲಿಲ್ಲ. ಯಾರು ಸರಿ? ಅವತ್ತು ಶುರುವಾದ ಈ ಪ್ರಶ್ನೆ ನನ್ನನ್ನ 1500 ವರ್ಷ ಹಿಂದಕ್ಕೆ ಕರ್ಕೊಂಡು ಹೋಯ್ತು. ಬನ್ನಿ.

ಭಾಗ 2/8
📷 ಒಂದೇ ಚಂದ್ರನ ಎರಡು ಫೋಟೋ. ಎಡಗಡೆ ರಾತ್ರಿ 8:30, ಬಲಗಡೆ 10:52. ವ್ಯತ್ಯಾಸ ಹುಡುಕಿ ನೋಡೋಣ.

ಸಿಗಲಿಲ್ಲ ಅಲ್ವಾ? ನಮಗೂ ಸಿಗಲಿಲ್ಲ 😅

ರಾತ್ರಿ 8:44ಕ್ಕೆ ಶುರು, 10:52ಕ್ಕೆ ಅತಿ ಹೆಚ್ಚು, 1:01ಕ್ಕೆ ಮುಗಿಯುತ್ತೆ ಅಂತ ಫೋನ್ ಹೇಳಿತ್ತು. ನಾವು ಕತ್ತು ನೋಯುವ ತನಕ ನೋಡಿದ್ವಿ. ಹನ್ನೊಂದಕ್ಕೆ ನಮ್ಮ ಗ್ಯಾಂಗಿನ ಸೈನ್ಸ್‌ನವನು "ಒಂದು ಕಡೆ ಸ್ವಲ್ಪ ಮಂಕಾಗಿದೆ ಕಣೋ" ಅಂದ. ಇನ್ನೊಬ್ಬ "ಅದು ನಿನ್ನ ಕನ್ನಡಕದ ಕೊಳೆ" ಅಂದ. ಅಕ್ಕ ಹಣ್ಣು ತಿಂತಾ ನಗ್ತಾ ಕೂತಿದ್ಲು.

ವಿಷಯ ಏನಂದ್ರೆ, ಭೂಮಿಗೆ ಎರಡು ಥರ ನೆರಳಿದೆ. ಮಧ್ಯದಲ್ಲಿ ದಟ್ಟ ನೆರಳು, ಅಲ್ಲಿಗೆ ಸೂರ್ಯನ ಬೆಳಕು ನೇರವಾಗಿ ಬೀಳೋದೇ ಇಲ್ಲ. ಅದರ ಸುತ್ತ ಅರೆನೆರಳು, ಅಲ್ಲಿಗೆ ಸೂರ್ಯನ ಒಂದಷ್ಟು ಭಾಗದ ಬೆಳಕು ಬೀಳ್ತಾನೇ ಇರುತ್ತೆ. ಟ್ಯೂಬ್‌ಲೈಟ್ ಕೆಳಗೆ ಕೈ ಹಿಡಿದು ನೋಡಿ: ನೆರಳಿನ ನಡುವೆ ಕಪ್ಪು, ಅಂಚಲ್ಲಿ ಬೂದು. ಅವತ್ತು ಚಂದ್ರ ಆ ಬೂದು ಅಂಚಿನಲ್ಲಿ ಮಾತ್ರ ಹಾದು ಹೋದ. ದಟ್ಟ ನೆರಳನ್ನ ಮುಟ್ಟಲೇ ಇಲ್ಲ. ಇದಕ್ಕೆ ಅರೆನೆರಳಿನ ಗ್ರಹಣ ಅಂತಾರೆ.

ಖಗೋಳಶಾಸ್ತ್ರದವರು ಇದನ್ನೂ ಗ್ರಹಣದ ಪಟ್ಟಿಗೆ ಸೇರಿಸ್ತಾರೆ. ನಮ್ಮ ಪಂಚಾಂಗದ ಸಂಪ್ರದಾಯ ಸೇರಿಸಲ್ಲ. ದಟ್ಟ ನೆರಳು ಚಂದ್ರನನ್ನ ಮುಟ್ಟಿದ ಗಳಿಗೆಗೆ "ಸ್ಪರ್ಶ", ನಡುವಿನ ಹೊತ್ತಿಗೆ "ಮಧ್ಯ", ನೆರಳು ಪೂರ್ತಿ ಬಿಟ್ಟ ಗಳಿಗೆಗೆ "ಮೋಕ್ಷ". ಸ್ಪರ್ಶವೇ ಆಗದಿದ್ರೆ ಉಪವಾಸ ಇಲ್ಲ, ಸ್ನಾನ ಇಲ್ಲ, ಯಾವ ನಿಷೇಧವೂ ಇಲ್ಲ.

ಅಂದ್ರೆ ಫೋನೂ ಸರಿ, ಅಜ್ಜಿನೂ ಸರಿ. ತಪ್ಪಿದ್ದು ಟಿವಿ. ಗರ್ಭಿಣಿಯನ್ನ ಹೆದರಿಸೋಕೆ ಸಂಪ್ರದಾಯದ ಹೆಸರು ಹೇಳ್ತಿದ್ದವರಿಗೆ ಆ ಸಂಪ್ರದಾಯದ ಲೆಕ್ಕವೇ ಗೊತ್ತಿರಲಿಲ್ಲ.

ನನ್ನ ತಲೆ ಕೆಟ್ಟಿದ್ದು ಇನ್ನೊಂದು ವಿಷಯಕ್ಕೆ. ದೂರದರ್ಶಕ ಇಲ್ಲ, ಕಂಪ್ಯೂಟರ್ ಇಲ್ಲ, ಆದ್ರೂ ನೆರಳು ಮುಟ್ಟುತ್ತಾ ಇಲ್ವಾ ಅಂತ ಹಳೇ ಕಾಲದ ಪಂಚಾಂಗದವರು ಮೊದಲೇ ಹೇಗೆ ಹೇಳ್ತಿದ್ರು?

ಭಾಗ 3/8
📷 ನೆಲದ ಮೇಲೆ ಕವಡೆ. ಚೌಕಾಬಾರದ ಕವಡೆಗಳೇ, ಫೋಟೋಗೋಸ್ಕರ ಜೋಡಿಸಿದ್ದು.

ಉತ್ತರ ಹುಡುಕ್ತಾ ಹೋದಾಗ ಸಿಕ್ಕಿದ್ದು ಪುದುಚೇರಿಯ ಒಂದು ಬೇಸಿಗೆಯ ಕಥೆ. ಅದರಲ್ಲಿ ಬರೋ ಒಬ್ಬ ವ್ಯಕ್ತಿ ನಮ್ಮ ರಾಜ್ಯಕ್ಕೆ ಹಳೇ ಪರಿಚಯ.

ಜಾನ್ ವಾರೆನ್. ಹುಟ್ಟಿದ್ದು ಫ್ರೆಂಚ್ ಮನೆತನದಲ್ಲಿ, ಕೆಲಸ ಬ್ರಿಟಿಷ್ ಸೈನ್ಯದಲ್ಲಿ. 1799ರಲ್ಲಿ ಟಿಪ್ಪು ಸುಲ್ತಾನ್ ಸತ್ತ ಮೇಲೆ ಮೈಸೂರು ರಾಜ್ಯದ ಗಡಿ ಅಳೆಯೋ ಕೆಲಸ ನಡೀತಿತ್ತು. 1802ರಲ್ಲಿ ಕೋಲಾರದ ಕಡೆ ಅಳತೆಗೆ ಹೋಗಿದ್ದ ಲೆಫ್ಟಿನೆಂಟ್ ವಾರೆನ್ ಕಿವಿಗೆ ಆ ಮಣ್ಣಿನಲ್ಲಿ ಚಿನ್ನ ಇದೆ ಅನ್ನೋ ಮಾತು ಬಿತ್ತು. ತೋರಿಸಿದವರಿಗೆ ಬಹುಮಾನ ಕೊಡ್ತೀನಿ ಅಂದ. ಹಳ್ಳಿಯವರು ಗಾಡಿಯಲ್ಲಿ ಮಣ್ಣು ತಂದು ಅವನ ಎದುರೇ ತೊಳೆದು ಚಿನ್ನದ ಕಣ ತೋರಿಸಿದ್ರು. ಹೌದು, ಕೆಜಿಎಫ್ ಕಥೆಯ ಆರಂಭದಲ್ಲಿ ಬರೋ ವಾರೆನ್ ಇವನೇ.

ಅದೇ ವಾರೆನ್ ಮುಂದೆ ಮದ್ರಾಸ್ ವೀಕ್ಷಣಾಲಯದ ಹೊಣೆಯನ್ನೂ ಕೆಲವು ವರ್ಷ ಹೊತ್ತ. ಅಲ್ಲಿಂದ ಅವನಿಗೆ ಹಿಡಿದ ಹುಚ್ಚು ಚಿನ್ನದ್ದಲ್ಲ, ಪಂಚಾಂಗದ್ದು. ದಕ್ಷಿಣ ಭಾರತದ ಜನ ಕಾಲವನ್ನ ಹೇಗೆ ಲೆಕ್ಕ ಹಾಕ್ತಾರೆ ಅಂತ ವರ್ಷಗಟ್ಟಲೆ ಕಲಿತು "ಕಾಲ ಸಂಕಲಿತ" ಅನ್ನೋ ದೊಡ್ಡ ಪುಸ್ತಕ ಬರೆದ. ಅದು ಅಚ್ಚಾಗಿದ್ದು 1825ರಲ್ಲಿ, ಮದ್ರಾಸಿನಲ್ಲಿ.

ಆ ಪುಸ್ತಕದಲ್ಲಿ ಪುದುಚೇರಿಯ ಒಬ್ಬ ಪಂಚಾಂಗದವರು ಬರ್ತಾರೆ. ಚಂದ್ರಗ್ರಹಣದ ಲೆಕ್ಕ ಹೇಗೆ ಮಾಡ್ತೀರ ಅಂತ ವಾರೆನ್ ಕೇಳಿದ. ಅವರು ಪೆನ್ನೂ ಹಿಡಿಯಲಿಲ್ಲ, ಓಲೆಗರಿಯನ್ನೂ ತೆಗೆಯಲಿಲ್ಲ. ನೆಲದ ಮೇಲೆ ಕೂತು ಚಿಪ್ಪುಗಳನ್ನ ಜೋಡಿಸೋಕೆ ಶುರು ಮಾಡಿದ್ರು. ಒಂದೊಂದು ಸಾಲು ಒಂದೊಂದು ಸಂಖ್ಯೆ. ಕೂಡಿದಾಗ ಚಿಪ್ಪು ಸೇರಿಸೋದು, ಕಳೆದಾಗ ತೆಗೆಯೋದು. ಬೇಕಾದ ಕೋಷ್ಟಕಗಳೆಲ್ಲ ಬಾಯಿಪಾಠ!

ಭಾಗ 4/8
📷 ನನ್ನ ಅಕೌಂಟೆನ್ಸಿ ನೋಟ್ಸಿನ ಕೊನೇ ಪುಟ. ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗಿಲ್ಲ, ಝೂಮ್ ಮಾಡಬೇಡಿ 🙏

ಕೋಷ್ಟಕ ಬಾಯಿಪಾಠ ಅಂದ್ರೆ ಮಗ್ಗಿ ಥರ ಅಲ್ಲ. ತಮಿಳುನಾಡು, ಕೇರಳದ ಕಡೆ ಬಳಕೆಯಲ್ಲಿದ್ದ ವಾಕ್ಯ ಪದ್ಧತಿಯಲ್ಲಿ ಸಂಖ್ಯೆಗಳನ್ನ ಮಾತುಗಳಲ್ಲಿ ಬಚ್ಚಿಡ್ತಿದ್ರು. ಪ್ರತಿ ಅಕ್ಷರಕ್ಕೂ ಒಂದು ಅಂಕಿ. ಇದೇ ಕಟಪಯಾದಿ. ಸಂಗೀತ ಕಲಿತವರಿಗೆ ಗೊತ್ತಿರುತ್ತೆ: ಸರಳೆ ವರಸೆ ಹಾಡೋ ಮಾಯಾಮಾಳವಗೌಳ ರಾಗ ತಗೊಳ್ಳಿ. ಮ ಅಂದ್ರೆ 5, ಯ ಅಂದ್ರೆ 1. ಹಿಂದುಮುಂದಾಗಿ ಓದಿದ್ರೆ 15. ಅದು 15ನೇ ಮೇಳಕರ್ತ. ಹೀಗೆ ಚಂದ್ರ ಯಾವ ದಿನ ಎಲ್ಲಿರ್ತಾನೆ ಅಂತ ಹೇಳೋಕೆ 248 ದಿನಕ್ಕೆ 248 ವಾಕ್ಯಗಳು. ಶ್ಲೋಕದ ಥರ ಹೇಳ್ತಾ ಹೋದ್ರೆ ಅಂಕಿಗಳು ಬರ್ತಾ ಹೋಗ್ತವೆ.

ವಾರೆನ್‌ಗೋಸ್ಕರ ಆ ಪಂಚಾಂಗದವರು ಲೆಕ್ಕ ಹಾಕಿದ್ದು 1825ರ ಮೇ 31, ಜೂನ್ 1ರ ನಡುವಿನ ರಾತ್ರಿಯ ಚಂದ್ರಗ್ರಹಣಕ್ಕೆ. ಬಂದ ವ್ಯತ್ಯಾಸ: ಆರಂಭಕ್ಕೆ 4 ನಿಮಿಷ, ಮಧ್ಯಕ್ಕೆ 23 ನಿಮಿಷ, ಕೊನೆಗೆ 52 ನಿಮಿಷ.

52 ನಿಮಿಷ ಅಂದ್ರೆ ಸಣ್ಣ ತಪ್ಪಲ್ಲ, ಮುಚ್ಚಿಡೋದು ಬೇಡ. ಆದ್ರೆ ನೆಲದ ಮೇಲೆ ಚಿಪ್ಪು ಜೋಡಿಸಿ, ಆಕಾಶದಲ್ಲಿ ನಡೆಯೋ ಒಂದು ಘಟನೆಯ ಆರಂಭವನ್ನ 4 ನಿಮಿಷದ ಒಳಗೆ ಹಿಡಿಯೋದು ಸುಮ್ನೆ ಅಲ್ಲ.

ನನಗೆ ಚುಚ್ಚಿದ್ದು ವಾರೆನ್ ಬರೆದ ಇನ್ನೊಂದು ಮಾತು. ಆ ಪಂಚಾಂಗದವರಿಗೆ ಲೆಕ್ಕದ ಹಿಂದಿನ ಸಿದ್ಧಾಂತ ಏನೂ ಗೊತ್ತಿರಲಿಲ್ಲ ಅಂತಾನೆ ಅವನು. ನೆನಪಿನ ಶಕ್ತಿ ಮಾತ್ರ ಅಗಾಧ, ಹೆಜ್ಜೆ ತಪ್ಪದ ಹಾಗೆ ಮಾಡಿ ಮುಗಿಸ್ತಿದ್ರಂತೆ.

ಓದಿದ ತಕ್ಷಣ ನಗು ಬಂತು, ಆಮೇಲೆ ನಿಂತುಹೋಯ್ತು. "ಡೆಬಿಟ್ ದಿ ರಿಸೀವರ್, ಕ್ರೆಡಿಟ್ ದಿ ಗಿವರ್" ಅಂತ ಎರಡು ವರ್ಷದಿಂದ ಹೇಳ್ತಿದ್ದೀನಿ. ಯಾಕೆ ಅಂತ ಫಸ್ಟ್ ಇಯರ್‌ನಲ್ಲಿ ಯಾರಾದ್ರೂ ಕೇಳಿದ್ರೆ ನನ್ನ ಹತ್ರ ಉತ್ತರ ಇರಲಿಲ್ಲ. ಎಂಟ್ರಿ ಮಾತ್ರ ಸರಿಯಾಗಿ ಹಾಕ್ತಿದ್ದೆ. ನಾವ್ಯಾರು ಅವರನ್ನ ನೋಡಿ ನಗೋಕೆ?

ಭಾಗ 5/8
📷 ಮೋಡ. ಬರೀ ಮೋಡ. ಈ ಫೋಟೋವನ್ನ ಒಬ್ಬ ಫ್ರೆಂಚ್ ವ್ಯಕ್ತಿಗೆ ಅರ್ಪಿಸ್ತಿದ್ದೀನಿ.

ಪುದುಚೇರಿಗೆ ವಾರೆನ್‌ಗಿಂತ ಮೊದಲೇ ಇನ್ನೊಬ್ಬ ಬಂದಿದ್ದ. ಲೆ ಜೆಂಟಿಲ್, ಫ್ರಾನ್ಸಿನ ಖಗೋಳ ವಿಜ್ಞಾನಿ. ಪಾಪ ಅನ್ನೋ ಪದ ಇವನಿಗೋಸ್ಕರವೇ ಹುಟ್ಟಿದ ಹಾಗಿದೆ.

ಸೂರ್ಯನ ಮುಂದೆ ಶುಕ್ರ ಗ್ರಹ ಹಾದುಹೋಗೋದನ್ನ ನೋಡೋಕೆ 1760ರಲ್ಲಿ ಫ್ರಾನ್ಸಿನಿಂದ ಹೊರಟ. ಬರೋಷ್ಟರಲ್ಲಿ ಪುದುಚೇರಿ ಬ್ರಿಟಿಷರ ಕೈ ಸೇರಿತ್ತು. 1761ರ ಜೂನ್ 6ರಂದು ಅವನಿನ್ನೂ ಹಡಗಿನಲ್ಲೇ ಇದ್ದ, ಅಲ್ಲಾಡೋ ಹಡಗಿನಿಂದ ಅಳತೆ ಸಾಧ್ಯ ಆಗಲಿಲ್ಲ. ಮುಂದಿನ ಅವಕಾಶ 1769ಕ್ಕೆ. ವಾಪಸ್ ಹೋಗದೆ ಎಂಟು ವರ್ಷ ಈ ಕಡೆಯೇ ಕಾದ. 1769ರ ಜೂನ್‌ನಲ್ಲಿ ಪುದುಚೇರಿಯಲ್ಲಿ ಎಲ್ಲ ಸಿದ್ಧ ಮಾಡ್ಕೊಂಡು ಕೂತ. ಬೆಳಿಗ್ಗೆ ಸರಿಯಾದ ಹೊತ್ತಿಗೆ ಮೋಡ ಕವಿದುಬಿಟ್ಟಿತು. 1771ರಲ್ಲಿ ಊರಿಗೆ ಹೋದ್ರೆ, ಸತ್ತುಹೋಗಿದ್ದಾನೆ ಅಂತ ತಿಳಿದು ಸಂಬಂಧಿಕರು ಆಸ್ತಿ ಹಂಚ್ಕೊಳ್ಳೋಕೆ ಹೊರಟಿದ್ರು!

ಕಾಯ್ತಾ ಕೂತ ಕಾಲದಲ್ಲಿ ಅವನು ಒಂದು ಒಳ್ಳೇ ಕೆಲಸ ಮಾಡಿದ. ತಮಿಳರ ಗ್ರಹಣದ ಲೆಕ್ಕ ಕಲಿತು, ಅದನ್ನ ಯುರೋಪಿನ ಲೆಕ್ಕದ ಜೊತೆ ತಾಳೆ ನೋಡಿದ. 1765ರ ಆಗಸ್ಟ್ 30ರ ಚಂದ್ರಗ್ರಹಣ ಎಷ್ಟು ಹೊತ್ತು ಇತ್ತು ಅನ್ನೋದರಲ್ಲಿ ತಮಿಳು ಲೆಕ್ಕ ತಪ್ಪಿದ್ದು 41 ಸೆಕೆಂಡ್. ಆ ಕಾಲದ ಯುರೋಪಿನ ಹೆಸರಾಂತ ಮೇಯರ್ ಕೋಷ್ಟಕ ತಪ್ಪಿದ್ದು 68 ಸೆಕೆಂಡ್.

ಈ ಸಾಲನ್ನ ಸ್ಕ್ರೀನ್‌ಶಾಟ್ ತೆಗೆದು "ನಾವೇ ಜಗತ್ತಿಗೆ ನಂಬರ್ ಒನ್" ಅಂತ ಸ್ಟೇಟಸ್ ಹಾಕೋಕೆ ಮುಂಚೆ ಒಂದು ನಿಮಿಷ. ಅಂಥದ್ದೇ ಲೆಕ್ಕ 1825ರಲ್ಲಿ 52 ನಿಮಿಷ ತಪ್ಪಿದ್ದನ್ನ ಈಗಷ್ಟೇ ಓದಿದ್ರಿ. ಒಂದು ಮ್ಯಾಚಿನ ಸ್ಕೋರ್ ನೋಡಿ ಕಪ್ ಕೊಡಬಾರದು. ನಮಗೆ ಬೇಕಾದ ಅಂಕಿ ಮಾತ್ರ ತೋರಿಸಿ ಬೇಡದ್ದನ್ನ ಮುಚ್ಚಿಟ್ರೆ ಬಿಕಾಂನಲ್ಲಿ ಅದಕ್ಕೆ ಬೇರೆ ಹೆಸರಿದೆ 🙂

ಭಾಗ 6/8
📷 ಗೋಡೆ ಮೇಲೆ ನಮ್ಮ ನಾಲ್ಕು ಜನರ ನೆರಳು. ಬೆಳಕು ಮೊಬೈಲ್ ಟಾರ್ಚಿಂದು.

ಹಾಗಾದ್ರೆ ಸಿದ್ಧಾಂತ ಯಾರಿಗೂ ಗೊತ್ತಿರಲಿಲ್ವಾ? ಗೊತ್ತಿತ್ತು. ಅದೂ ಬಹಳ ಹಿಂದೆ.

ಆರ್ಯಭಟ ತನ್ನ ಗ್ರಂಥದಲ್ಲಿ ತನ್ನ ವಯಸ್ಸಿನ ಲೆಕ್ಕ ಕೊಟ್ಟಿದ್ದಾನೆ. ಅದರ ಪ್ರಕಾರ 499ರಲ್ಲಿ ಅವನಿಗೆ 23 ವರ್ಷ. ನಮಗಿಂತ ಮೂರೇ ವರ್ಷ ದೊಡ್ಡವನು. ಸೂರ್ಯಗ್ರಹಣದಲ್ಲಿ ಸೂರ್ಯನನ್ನ ಮುಚ್ಚೋದು ಚಂದ್ರ, ಚಂದ್ರಗ್ರಹಣದಲ್ಲಿ ಚಂದ್ರನನ್ನ ಮುಚ್ಚೋದು ಭೂಮಿಯ ನೆರಳು ಅಂತ ಆರ್ಯಭಟೀಯದಲ್ಲಿ ನೇರವಾಗಿ ಹೇಳಿದ್ದಾನೆ. ಆ ನೆರಳು ಎಷ್ಟು ಉದ್ದ ಅಂತ ಲೆಕ್ಕ ಮಾಡೋ ವಿಧಾನವನ್ನೂ ಕೊಟ್ಟಿದ್ದಾನೆ.

ಮುಂದಿನ ಶತಮಾನದ ವರಾಹಮಿಹಿರ ಕೂಡ ಬೃಹತ್ಸಂಹಿತೆಯಲ್ಲಿ ಇದನ್ನೇ ಹೇಳ್ತಾನೆ: ಕಾರಣ ನೆರಳು, ರಾಹು ಅಲ್ಲ. ಆದ್ರೆ ಅದೇ ಪುಸ್ತಕದಲ್ಲಿ ಗ್ರಹಣದ ಶಕುನಗಳ ಪಟ್ಟಿಯೂ ಇದೆ. 628ರಲ್ಲಿ ಬ್ರಹ್ಮಗುಪ್ತ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ರಾಹುವನ್ನ ಒಪ್ಪದವರನ್ನ ಬೈದ, ಆದ್ರೆ ತಾನು ಗ್ರಹಣದ ಲೆಕ್ಕ ಮಾಡಿದ್ದು ಮಾತ್ರ ನೆರಳಿನಿಂದಲೇ! ನಾಲ್ಕು ನೂರು ವರ್ಷ ಆದ್ಮೇಲೆ, 1030ರ ಸುಮಾರಿಗೆ, ಭಾರತದ ಬಗ್ಗೆ ಪುಸ್ತಕ ಬರೆದ ಅಲ್ ಬಿರೂನಿ ಇದನ್ನ ಓದಿ ತಲೆ ಚಚ್ಚಿಕೊಳ್ತಾನೆ. ಇಷ್ಟು ದೊಡ್ಡ ಗಣಿತಜ್ಞ ಹೀಗೆ ಯಾಕೆ ಬರೆದ, ಜನಕ್ಕೆ ಹೆದರಿ ಬರೆದನಾ ಅಂತ ಅನುಮಾನ ಪಡ್ತಾನೆ.

ನಮಗೆ ಸ್ಕೂಲಲ್ಲಿ ಹೇಳಿದ್ದು ಸರಳ ಕಥೆ: ಮೊದಲು ಮೂಢನಂಬಿಕೆ ಇತ್ತು, ಆಮೇಲೆ ವಿಜ್ಞಾನ ಬಂತು. ಇತಿಹಾಸ ಅಷ್ಟು ನೇರ ಇಲ್ಲ. ಕಾರಣ ಗೊತ್ತಿದ್ದವರು ಇದ್ರು. ಕಾರಣ ಗೊತ್ತಿಲ್ಲದೆ ಲೆಕ್ಕ ಮಾತ್ರ ಬರ್ತಿದ್ದವರು ಇದ್ರು. ಎರಡೂ ಗೊತ್ತಿದ್ದು ಹೊರಗೆ ಬೇರೆ ಮಾತಾಡಿದವರೂ ಇದ್ರು. ಗೊತ್ತಿರೋದು ಮತ್ತೆ ಗೊತ್ತಿರೋದನ್ನ ಎಲ್ಲರಿಗೂ ಹೇಳೋದು ಬೇರೆ ಬೇರೆ. ಲೆಕ್ಕದ ಉತ್ತರ ಪ್ರತಿ ಮನೆಯ ಮೊಳೆಗೂ ಬಂತು. ಕಾರಣ ಅಲ್ಲಿಗೆ ತಲುಪಲಿಲ್ಲ.

ಭಾಗ 7/8
📷 ದೇವಸ್ಥಾನದ ಪಕ್ಕ ನಿಂತಿರೋ ಶಾಸನದ ಕಲ್ಲು. ಮೇಲ್ಗಡೆ ನೋಡಿ: ಸೂರ್ಯ, ಚಂದ್ರ.

ಕನ್ನಡ ಶಾಸನಗಳಲ್ಲಿ "ಸೋಮಗ್ರಹಣ" ಅನ್ನೋ ಪದ ಮತ್ತೆ ಮತ್ತೆ ಬರುತ್ತೆ. ಸೋಮ ಅಂದ್ರೆ ಚಂದ್ರ. ಗ್ರಹಣದ ಹೊತ್ತಿನಲ್ಲಿ ಕೊಟ್ಟ ದಾನಕ್ಕೆ ಪುಣ್ಯ ಜಾಸ್ತಿ ಅನ್ನೋ ನಂಬಿಕೆ. ಹಾಗಾಗಿ ರಾಜರು, ಅಧಿಕಾರಿಗಳು, ಊರಿನವರು ಆ ಹೊತ್ತಿಗೆ ಕಾದು ದೇವಸ್ಥಾನಕ್ಕೋ ಮಠಕ್ಕೋ ಕೆರೆಗೋ ಭೂಮಿ ಬಿಡ್ತಿದ್ರು, ಧಾರೆ ಎರೆದು ಕಲ್ಲಲ್ಲಿ ಕೆತ್ತಿಸ್ತಿದ್ರು.

ಬಿಕಾಂ ಕಣ್ಣಲ್ಲಿ ನೋಡಿದ್ರೆ ದಾನಶಾಸನ ಅಂದ್ರೆ ಪಕ್ಕಾ ವೋಚರ್. ಯಾರು ಕೊಟ್ರು, ಯಾರಿಗೆ, ಎಷ್ಟು ಭೂಮಿ, ಗಡಿ ಎಲ್ಲಿಂದ ಎಲ್ಲಿಗೆ, ಹಾಳು ಮಾಡಿದವರಿಗೆ ಶಾಪ ಏನು. ದಿನಾಂಕವೂ ಇರುತ್ತೆ: ಶಕವರ್ಷ, ಸಂವತ್ಸರ, ಮಾಸ, ತಿಥಿ, ವಾರ. ಜೊತೆಗೆ ಗ್ರಹಣ.

ಇಲ್ಲೇ ಇರೋದು ಮಜಾ. ದಿನಾಂಕವನ್ನ ಯಾರು ಬೇಕಾದ್ರೂ ಕೆತ್ತಿಸಬಹುದು. ಗ್ರಹಣವನ್ನ ಮಾತ್ರ ಆಕಾಶದ ಹತ್ರ ವೆರಿಫೈ ಮಾಡಬಹುದು. ಆ ವರ್ಷ ಆ ಹುಣ್ಣಿಮೆಗೆ ನಿಜವಾಗಿ ಗ್ರಹಣ ಆಗಿತ್ತಾ? ರಾಬರ್ಟ್ ಸೆವೆಲ್ ಅನ್ನೋರು 1898ರಲ್ಲಿ ಭಾರತದ ಚಂದ್ರಗ್ರಹಣಗಳ ಬಗ್ಗೆಯೇ ಒಂದು ಪುಸ್ತಕ ಮಾಡಿದ್ರು, ಶಾಸನದ ಕಾಲ ಪರೀಕ್ಷೆ ಮಾಡೋರಿಗೆ ಅನುಕೂಲ ಆಗಲಿ ಅಂತ. ನಮ್ಮ ಕಾಲದಲ್ಲಿ ಬೆಂಗಳೂರಿನ ಖಗೋಳ ವಿಜ್ಞಾನಿ ಬಿ.ಎಸ್. ಶೈಲಜಾ ಮತ್ತು ಅವರ ಜೊತೆಯವರು ಶಾಸನಗಳಲ್ಲಿರೋ ಗ್ರಹಣದಂಥ ಆಕಾಶದ ಘಟನೆಗಳನ್ನ ಒಂದೊಂದಾಗಿ ಹುಡುಕಿ ಅಧ್ಯಯನ ಮಾಡಿದ್ದಾರೆ.

ತಾಳೆಯಾದ್ರೆ ಶಾಸನದ ಕಾಲ ಗಟ್ಟಿಯಾಗುತ್ತೆ. ಆಗದಿದ್ರೆ ಪ್ರಶ್ನೆ ಹುಟ್ಟುತ್ತೆ: ಕೆತ್ತುವವನ ತಪ್ಪಾ, ಆಮೇಲೆ ಬರೆದದ್ದಾ, ಅಥವಾ ಭೂಮಿ ಹೊಡೆಯೋಕೆ ಯಾರೋ ಮಾಡಿದ ನಕಲಾ?

ಯಾವುದೋ ರಾತ್ರಿ ಪುಣ್ಯಕ್ಕೆ ಅಂತ ಮೇಲೆ ನೋಡಿದವರು, ಗೊತ್ತಿಲ್ಲದೆ ನಮಗೆ ಸಾಕ್ಷಿ ಬಿಟ್ಟು ಹೋಗಿದ್ದಾರೆ.

ಭಾಗ 8/8
📷 ಕೆಂಪು ಚಂದ್ರ. ಮೋಡದ ಸಂದಿಯಲ್ಲಿ ಸಿಕ್ಕಿದ್ದು ಇದೊಂದೇ.

2025ರ ಸೆಪ್ಟೆಂಬರ್ 7. ಈ ಸಲ ಪಂಚಾಂಗದಲ್ಲೂ ಇತ್ತು, ಫೋನಿನಲ್ಲೂ ಇತ್ತು. ಸ್ಪರ್ಶ ರಾತ್ರಿ 9:57. 11 ಗಂಟೆಯಿಂದ 82 ನಿಮಿಷ ಪೂರ್ತಿ ಗ್ರಹಣ. ಅದೇ ಊರು, ಅದೇ ತಾರಸಿ, ಅದೇ ನಾಲ್ಕು ಜನ. ಬೇಸಿಗೆ ಮಾತ್ರ ಅಲ್ಲ, ಮೋಡ ಬರ್ತಾ ಹೋಗ್ತಾ ಇತ್ತು. ಚಂದ್ರ ಪೂರ್ತಿ ಕಪ್ಪಾಗಲ್ಲ, ತಾಮ್ರದ ಬಣ್ಣಕ್ಕೆ ತಿರುಗ್ತಾನೆ. ಭೂಮಿಯ ವಾತಾವರಣದ ಅಂಚಿನಲ್ಲಿ ಬಾಗಿ ಹೋದ ಕೆಂಪು ಬೆಳಕು ಅದು. ಅಂದ್ರೆ ಆ ಹೊತ್ತಿಗೆ ಭೂಮಿಯ ಮೇಲೆ ಎಲ್ಲೆಲ್ಲಿ ಸೂರ್ಯ ಹುಟ್ಟುತ್ತಾ ಮುಳುಗ್ತಾ ಇದ್ದಾನೋ ಅಲ್ಲಿನ ಬೆಳಕು.

ಅಕ್ಕನ ಮಗಳಿಗೆ ಈಗ ಎರಡು ವರ್ಷ. ನಿದ್ದೆಗಣ್ಣಲ್ಲಿ ಎತ್ಕೊಂಡು ತೋರಿಸಿದ್ರೆ, "ಚಂದಮಾಮ ಕೊಳೆ" ಅಂದ್ಲು.

ಅಜ್ಜಿ ಹೊರಗೆ ಬರಲಿಲ್ಲ. ನೀರಿನ ಕೊಡದ ಮೇಲೆ ದರ್ಭೆ ಇಟ್ಟು, ಊಟ ಬಿಟ್ಟು, ಒಳಗೆ ಜಪ ಮಾಡ್ತಾ ಕೂತಿದ್ರು. ಒಂದೂವರೆ ಹತ್ರ ಒಳಗಿಂದಲೇ, "ಬಿಡ್ತಾ?" ಅಂತ ಕೇಳಿದ್ರು. ಬಿಡ್ತು ಅಂದೆ. ಗಡಿಯಾರ ನೋಡಿ, ಪಂಚಾಂಗ ನೋಡಿ, "ಸರಿಯಾಗಿದೆ" ಅಂತ ಸ್ನಾನಕ್ಕೆ ಎದ್ರು.

ಮಾರನೇ ದಿನ ಧೈರ್ಯ ಮಾಡಿ ಕೇಳಿದೆ. "ಅಜ್ಜಿ, ಆವತ್ತು ಪಂಚಾಂಗದಲ್ಲಿ ಗ್ರಹಣ ಇದ್ದಿದ್ರೆ ಅಕ್ಕನ್ನ ತಾರಸಿಗೆ ಕಳಿಸ್ತಿದ್ರಾ?"

"ಇಲ್ಲ ಕಣಪ್ಪ. ಕೋಣೆ ಬಾಗಿಲು ಹಾಕ್ತಿದ್ದೆ."

ಸುಳ್ಳು ಹೇಳಲಿಲ್ಲ ಅಜ್ಜಿ. ಆವತ್ತು ಅಕ್ಕನ್ನ ಉಳಿಸಿದ್ದು ಲೆಕ್ಕ. ಆದ್ರೆ ಲೆಕ್ಕ ಒಂದೇ ಸಾಲದು. ಅದು ಯಾವಾಗ ಅಂತ ಮಾತ್ರ ಹೇಳುತ್ತೆ, ಹೆದರಬೇಕಾ ಬೇಡ್ವಾ ಅಂತ ಹೇಳಲ್ಲ. ಅದಕ್ಕೆ ಕಾರಣ ಗೊತ್ತಿರಬೇಕು. ಅದು ನೆರಳು ಅಷ್ಟೇ ಅಂತ 499ರಲ್ಲೇ ಬರೆದಿಟ್ಟಿದ್ರೂ 2023ರಲ್ಲಿ ನಮ್ಮಕ್ಕ ಚಾಕು ಬಚ್ಚಿಟ್ಟಳು. ಈ ಎಂಟು ಭಾಗ ಬರೆದಿದ್ದು ಅದಕ್ಕೇ.

ಕ್ಯಾಲೆಂಡರ್‌ನಲ್ಲಿ ಗುರುತು ಹಾಕ್ಕೊಳ್ಳಿ: 2028ರ ಡಿಸೆಂಬರ್ 31. ಹೊಸ ವರ್ಷದ ಹಿಂದಿನ ರಾತ್ರಿ, 10:20ರ ಹೊತ್ತಿಗೆ, ನಮ್ಮ ತಲೆ ಮೇಲೆ ಪೂರ್ಣ ಚಂದ್ರಗ್ರಹಣ. ಬರಿಗಣ್ಣಲ್ಲೇ ನೋಡಬಹುದು, ಯಾವ ಕನ್ನಡಕವೂ ಬೇಡ. ಆಗ ನನಗೂ 23. ಮನೆಯಲ್ಲಿ ಗರ್ಭಿಣಿ ಅಕ್ಕನೋ ಅತ್ತಿಗೆಯೋ ಇದ್ರೆ, ಭಾಷಣ ಮಾಡಬೇಡಿ. ಟ್ಯೂಬ್‌ಲೈಟ್ ಕೆಳಗೆ ಕೈ ಹಿಡಿದು ನೆರಳು ತೋರಿಸಿ. ಆಮೇಲೆ ಹಣ್ಣು ಹೆಚ್ಚಿಕೊಂಡು ಮೇಲೆ ಕರ್ಕೊಂಡು ಹೋಗಿ. ಡಿಸೆಂಬರ್‌ನಲ್ಲಿ ಮಾವು ಸಿಗಲ್ಲ, ಸೀಬೆಕಾಯಿ ನಡೆಯುತ್ತೆ.

ನಿಮ್ಮ ಮನೆಯಲ್ಲಿ ಗ್ರಹಣದ ದಿನ ಏನು ಮಾಡ್ತಾರೆ? ಕಾಮೆಂಟಲ್ಲಿ ಹೇಳಿ, ಎಲ್ಲ ಓದ್ತೀನಿ 🌕

#ಚಂದ್ರಗ್ರಹಣ #ಇತಿಹಾಸ #ಕನ್ನಡಶಾಸನ #ಅಜ್ಜಿಮನೆ #ಬಿಕಾಂಹುಡುಗರು